ತಿಪ್ಪನಿಗೊಂದು ವಿಮೆ

ನಮ್ಮ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಓಟ್ಸಿನ ಖಾಲಿ ಡಬ್ಬವೊಂದು ಕೂತಿದೆ. ಪ್ಲಾಸ್ಟಿಕ್ಕಿನದು, ಕೆಂಪು ಮುಚ್ಚಳ. ನನ್ನ ಹೆಂಡತಿ ಮಂಗಳಾ ಅದಕ್ಕೆ ಕಡಲೆಬೇಳೆ ತುಂಬಲು ಒಂದೆರಡು ಸಲ ಕೈ ಹಾಕಿದಳು. ಆಗೆಲ್ಲ ಅಮ್ಮ ನಡುಮನೆಯಿಂದಲೇ, ತಲೆ ಕೂಡ ಎತ್ತದೆ, "ಅದನ್ ಮುಟ್ಬ್ಯಾಡ ಕಣೇ" ಅಂದಳು. ಖಾಲಿ ಡಬ್ಬಕ್ಕೆ ಇಷ್ಟು ಮರ್ಯಾದೆ ಏಕೆಂದು ಮನೆಗೆ ಬಂದವರು ಕೇಳುತ್ತಾರೆ. ಹೇಳಹೊರಟರೆ ಬೆಕ್ಕಿನಿಂದ ಶುರುಮಾಡಬೇಕು, ಬೆಕ್ಕಿನಿಂದ ಶುರುಮಾಡಿದರೆ ಗುಬ್ಬಿಯ ತನಕ ಹೋಗಿ ಬರಬೇಕು. ಅಷ್ಟು ಹೊತ್ತಿಗೆ ಬಂದವರ ಕಾಫಿ ಮುಗಿದು ಅವರು ಚಪ್ಪಲಿ ಹುಡುಕುತ್ತಿರುತ್ತಾರೆ. ನೀವು ಹೇಗೂ ಕೂತಿದ್ದೀರಿ, ನಿಧಾನವಾಗಿಯೇ ಹೇಳುತ್ತೇನೆ.

ತಿಪ್ಪ ನಮ್ಮ ಬೆಕ್ಕು. ಗಂಡು. ಬೂದಿ ಬಣ್ಣದ ಮೈಗೆ ಯಾರೋ ಬಳಿಯುತ್ತ ಬಳಿಯುತ್ತ ಬೇಸರವಾಗಿ ಅರ್ಧಕ್ಕೆ ಬಿಟ್ಟ ಹಾಗೆ ಕಪ್ಪು ಪಟ್ಟೆಗಳು. ಹುಟ್ಟಿದ್ದು ಕುಣಿಗಲ್ಲಿನಲ್ಲಿ, ನನ್ನ ಅಕ್ಕನ ಮನೆಯ ಕೊಟ್ಟಿಗೆಯಲ್ಲಿ. ಜೊತೆಯಲ್ಲಿ ಹುಟ್ಟಿದವೆಲ್ಲ ಯಾವುದೋ ಗಂಡುಬೆಕ್ಕಿನ ಬಾಯಿಗೆ ಹೋಗಿ ಇದೊಂದೇ ಉಳಿದಿತ್ತು. ಆಗ ಅಲ್ಲೇ ಇದ್ದ ಅಮ್ಮ ಮರಿಯನ್ನು ಎತ್ತಿಕೊಂಡು ಹೋಗಿ ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, "ಯಾರಿಗೂ ಬ್ಯಾಡದ್ದು ಬಿದ್ದೈತೆ, ನಾನ್ ಎತ್ಕತೀನಿ" ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿ ಎತ್ತಿಕೊಂಡಳಂತೆ. ಸಾವು ಎಲ್ಲೋ ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ, ತಿಪ್ಪೆಗೆ ಬಿದ್ದ ಕಸಕ್ಕೆ ಅದು ಆಸೆಪಡುವುದಿಲ್ಲ ಎಂಬುದು ನಮ್ಮ ಕಡೆಯ ಹೆಂಗಸರ ತಿಳಿವಳಿಕೆ. ಊರೂರಿಗೆ ತಿಪ್ಪಯ್ಯ, ತಿಪ್ಪಮ್ಮಂದಿರು ಇರುವುದರಲ್ಲಿ ಈ ತಿಳಿವಳಿಕೆಯ ಪಾಲೂ ಇದೆ. ಹಾಗೆ ಬೆಕ್ಕು ತಿಪ್ಪನಾಯಿತು. ಬುಟ್ಟಿಯಲ್ಲಿ ಕೂತು, ಮೇಲೊಂದು ಟವೆಲ್ ಕಟ್ಟಿಸಿಕೊಂಡು, ಬಸ್ಸಿನಲ್ಲಿ ತುಮಕೂರಿಗೆ, ಮರಳೂರಿನ ನಮ್ಮ ಮನೆಗೆ ಬಂತು. ಬಸ್ಸಿನಲ್ಲಿ ಕಂಡಕ್ಟರು "ಏನಜ್ಜಿ, ಕೋಳಿನಾ?" ಎಂದು ಕೇಳಿದ್ದು, ಅಮ್ಮ "ಬೆಳ್ಳುಳ್ಳಿ ಕಣಪ್ಪ" ಅಂದದ್ದು, ಅಷ್ಟರಲ್ಲಿ ಬೆಳ್ಳುಳ್ಳಿ ಮ್ಯಾಂವ್ ಎಂದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಬಸ್ಸಿನಲ್ಲಿ ನಾನು ಇರಲೇ ಇಲ್ಲ ಎಂದು ಅಮ್ಮ ಹೇಳುತ್ತಾಳೆ.

ಇದು ನನ್ನ ಹಳೆಯ ಕಾಯಿಲೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ನಾನು. ನೆನಪನ್ನು ನಂಬಬಾರದು, ಆಧಾರ ಕೇಳಬೇಕು ಎಂದು ಹುಡುಗರಿಗೆ ಹೇಳಿ ಹೇಳಿ ಕೊನೆಗೆ ನನ್ನ ಮಾತು ನನಗೇ ನಾಟಿಬಿಟ್ಟಿತು. ಆದ್ದರಿಂದ ಡೈರಿ ಬರೆಯುತ್ತೇನೆ. ಡೈರಿಯನ್ನೂ ಪೂರ್ತಿ ನಂಬುವುದಿಲ್ಲ. ಅದನ್ನು ಬರೆದವನು ಎಂಥವನು ಎಂಬುದು ನನಗೆ ಗೊತ್ತು.

ಕಳೆದ ಕಾರ್ತಿಕದಲ್ಲಿ ತಿಪ್ಪನಿಗೆ ಮೂತ್ರ ಕಟ್ಟಿಕೊಂಡಿತು. ಬಚ್ಚಲ ಮೂಲೆಯಲ್ಲಿ ಕೂತು, ಎದ್ದು, ಮತ್ತೆ ಕೂತು, ನಮ್ಮ ಮುಖ ನೋಡಿತು. ದನದ ಆಸ್ಪತ್ರೆಗೆ ಓಡಿದೆವು. ನಮ್ಮೂರಿನಲ್ಲಿ ಪ್ರಾಣಿಗಳ ಡಾಕ್ಟರು ಎಲ್ಲಿ ಕೂತರೂ ಅದು ದನದ ಆಸ್ಪತ್ರೆಯೇ. ಈ ಕ್ಲಿನಿಕ್ಕಿನಲ್ಲಿ ಕರು ತಿರುಗಿಕೊಳ್ಳುವಷ್ಟೂ ಜಾಗವಿಲ್ಲ. ಏಸಿ ಇದೆ, ಗೋಡೆಯ ಮೇಲೆ ಉಣ್ಣೆಯ ಉಂಡೆಯಂಥ ನಾಯಿಗಳ ಫೋಟೋ ಇವೆ, ಚಪ್ಪಲಿ ಹೊರಗೆ ಬಿಡಬೇಕು. ಡಾಕ್ಟರು ಸಣ್ಣ ಟ್ಯೂಬ್ ಹಾಕಿ ತಿಪ್ಪನನ್ನು ಉಳಿಸಿಕೊಟ್ಟರು. "ಗಂಡು ಬೆಕ್ಕುಗಳಿಗೆ ಇದು ಮತ್ತೆ ಬರೋ ಚಾನ್ಸ್ ಇರುತ್ತೆ ಸರ್" ಎಂದೂ ಹೇಳಿದರು.

ಆ ದಿನ ನನ್ನನ್ನು ಹಿಡಿದುಕೊಂಡದ್ದು ಬೇರೆ. ನಮಗಿಂತ ಮುಂದೆ ಒಬ್ಬರು ನಾಯಿಯನ್ನು ತಂದಿದ್ದರು. ನನ್ನ ವಯಸ್ಸಿನವರೇ, ಇಸ್ತ್ರಿ ಮಾಡಿದ ಅಂಗಿ. ಡಾಕ್ಟರು ಆಪರೇಷನ್ನಿನ ಖರ್ಚು ಹೇಳಿದರು. ಆತ ನೆಲ ನೋಡುತ್ತ, "ಬೇರೆ ದಾರಿ ಏನೂ ಇಲ್ವಾ ಡಾಕ್ಟ್ರೇ" ಅಂದರು. ಆಮೇಲೆ ನಾಯಿಯನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ನಾಯಿ ಮಾತ್ರ ಅವರ ಹೆಗಲ ಮೇಲಿಂದ ನಮ್ಮನ್ನೆಲ್ಲ ಸ್ನೇಹದಿಂದ ನೋಡುತ್ತಿತ್ತು. ನಾಳೆ ಡಾಕ್ಟರ ಆ ಮೇಜಿನ ಮುಂದೆ ನಾನು ನಿಂತರೆ ಏನು ಹೇಳುತ್ತೇನೆ? "ಮಾಡಿ" ಅನ್ನುತ್ತೇನೆಯೋ, ನೆಲ ನೋಡುತ್ತೇನೆಯೋ? ಎಷ್ಟು ಯೋಚಿಸಿದರೂ ನನ್ನ ಪರವಾಗಿ ನಾನು ಭರವಸೆ ಕೊಡಲಾಗಲಿಲ್ಲ.

ಇದನ್ನು ಮಂಗಳಾಗೆ ಹೇಳಿದೆ. ಅವಳು ಫೋನಿನಿಂದ ತಲೆ ಎತ್ತದೆ, "ಅದಕ್ಕೇ ಇನ್ಶೂರೆನ್ಸ್ ಇರೋದು ರೀ" ಅಂದಳು. ಅವಳ ಶಾಲೆಯ ಟೀಚರೊಬ್ಬರು ನಾಯಿಗೆ ಮಾಡಿಸಿದ್ದಾರಂತೆ. ಬೆಕ್ಕಿಗೂ ಇದೆಯಂತೆ.

ಅಮ್ಮ ಹಿದಕವರೆ ಹಿಸುಕುತ್ತ ಕೂತಿದ್ದವಳು ಕೈ ನಿಲ್ಲಿಸಿದಳು. "ಬೆಕ್ಕಿಗೇನ್ಲಾ? ನಂಗೇ ಇಲ್ವಲ್ಲೋ!"

"ನಿಂಗೆ ವಯಸ್ಸಾಯ್ತು ಅಂತ ಅವರು ಒಪ್ಪಲಿಲ್ಲ ಕಣಮ್ಮ."

"ಅದುಕ್ಕೇನು ಎಳೇ ಪ್ರಾಯನಾ?" ಎಂದು ಮತ್ತೆ ಅವರೆಗೆ ಕೈ ಹಾಕಿದಳು. ಹಿಸುಕುತ್ತಲೇ, "ಕಿವಿಗೆ ಬಿಲ್ಲೆ ಹೊಡೀತಾರಾ?"

ವಿಮೆ ಎಂದರೆ ಅಮ್ಮನಿಗೆ ಕಿವಿಯ ಬಿಲ್ಲೆ. ಗುಬ್ಬಿಯಲ್ಲಿ ನಮ್ಮ ಸೋದರಮಾವನ ಹಸುವಿಗೆ ವಿಮೆ ಮಾಡಿಸಿದಾಗ ಕಿವಿಗೆ ನಂಬರಿನ ಬಿಲ್ಲೆ ಹಾಕಿದ್ದರು. ಹಸು ಸತ್ತರೆ ಬಿಲ್ಲೆಯ ಸಮೇತ ಆ ಕಿವಿಯನ್ನೇ ಕಚೇರಿಗೆ ತಂದು ತೋರಿಸಬೇಕಿತ್ತಂತೆ. ಆ ಹಸುವಿನ ಹೆಸರು ಗೌರಿ, ಕಪ್ಪು ಬಿಳುಪು, ಬಿಲ್ಲೆ ಹಾಕಿದ ದಿನ ನಾನೇ ಅದರ ಮೂಗುದಾರ ಹಿಡಿದಿದ್ದೆ ಎಂಬುದು ನನ್ನ ನೆನಪು. ಕುಣಿಗಲ್ಲಿನ ಅಕ್ಕನಿಗೆ ಫೋನ್ ಮಾಡಿ ಕೇಳಿದರೆ, "ಗೌರಿನಾ? ಅದು ನೀನು ಹುಟ್ಟೋಕ್ ಮುಂಚೆನೇ ಹೋಯ್ತಲ್ಲೋ" ಎಂದು ನಕ್ಕಳು. ಹಾಗಾದರೆ ನನ್ನ ಅಂಗೈಯಲ್ಲಿ ಇನ್ನೂ ಉಳಿದಿರುವ ಆ ಹಗ್ಗದ ಒರಟು ಯಾರದು?

ಒಂದು ಭಾನುವಾರ ಬೆಳಿಗ್ಗೆ ಫೋನಿನಲ್ಲೇ ಅರ್ಜಿ ತುಂಬಲು ಕೂತೆ. ಕಂಪನಿಯ ಕಡೆಯ ಹುಡುಗಿ ಲೈನಿನಲ್ಲಿ ಇದ್ದಳು. ಸ್ಪೀಕರ್ ಹಾಕಿದ್ದೆ.

"ಪೆಟ್ ನೇಮ್ ಹೇಳಿ ಸರ್."

"ತಿಪ್ಪ."

"ಸ್ಪೆಲ್ಲಿಂಗ್ ಹೇಳ್ತೀರಾ ಸರ್?" ಹೇಳಿದೆ. "ಬ್ರೀಡ್ ಸರ್?"

ಏನು ಹೇಳಬೇಕೋ ತೋಚದೆ "ಕುಣಿಗಲ್" ಅಂದೆ.

"ಅದು ಕುದುರೆ ಅಲ್ವಾ ಸರ್?"

ಕುಣಿಗಲ್ಲಿನ ಕುದುರೆ ಫಾರಂ ಗೊತ್ತಿರುವ ಹುಡುಗಿ ಈ ಕಡೆಯವಳೇ ಎಂದು ಸಂತೋಷವಾಯಿತು. ನಾಡಬೆಕ್ಕು ಎಂದು ಇತ್ಯರ್ಥವಾಯಿತು. ಮುಂದಿನದು ಹುಟ್ಟಿದ ತಾರೀಖು. ಇಷ್ಟು ವರ್ಷ ದಾಟಿದ ಬೆಕ್ಕಿಗೆ ವಿಮೆ ಇಲ್ಲ ಎಂಬ ನಿಯಮ ಇರುವುದರಿಂದ ಇದು ಮುಖ್ಯ ಎಂದಳು. ಕಾಂಪೌಂಡಿಗೆ ಬಣ್ಣ ಹೊಡೆಸಿದ ವರ್ಷ ತಿಪ್ಪ ಬಂದದ್ದು ಎಂದು ನಾನು. ಇಲ್ಲ, ತನ್ನ ತಂಗಿಯ ಮದುವೆಯಾದ ವರ್ಷ ಎಂದು ಮಂಗಳಾ. ಡೈರಿಗಳನ್ನು ಇಳಿಸಿ ನೋಡಿದೆ. ಒಂದು ಕಡೆ "ಮನೆಗೆ ಅತಿಥಿ. ಹಾಲು ಸಾಲಲಿಲ್ಲ" ಎಂದಿತ್ತು. ಅದು ತಿಪ್ಪನೂ ಆಗಿರಬಹುದು, ಕಾಫಿ ಪ್ರಿಯರಾದ ಕುಣಿಗಲ್ ಭಾವನೂ ಆಗಿರಬಹುದು.

"ನನ್ ಆಧಾರ್‌ನಾಗೆ ಹಾಕಿದ್ರಲ್ಲ, ಅಂಗೇ ಜನವರಿ ಒಂದು ಅಂತ ಹಾಕು ಬುಡು" ಎಂದು ಅಮ್ಮ ಇತಿಹಾಸದ ಸಮಸ್ಯೆಯನ್ನು ಬಗೆಹರಿಸಿದಳು.

ಆಮೇಲೆ ಹಿಂದಿನ ಕಾಯಿಲೆಗಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಹಾಗಾದರೆ ಆ ಕಾಯಿಲೆಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ವಿಮೆ ಸಿಗುತ್ತದೆ ಎಂದಳು. ಅಂದರೆ ತಿಪ್ಪನಿಗೆ ಇರುವ ಒಂದೇ ಒಂದು ಕಾಯಿಲೆಯನ್ನು ಬಿಟ್ಟು. ಮಂಗಳಾ ಹಣೆ ಒತ್ತಿಕೊಂಡಳು. ಕಾರು ಗುದ್ದಿದರೆ, ಮಹಡಿಯಿಂದ ಬಿದ್ದರೆ ಬರುತ್ತದೆ ಎಂದು ಹುಡುಗಿ ಉತ್ಸಾಹ ತುಂಬಿದಳು. ತಿಪ್ಪ ಗೇಟು ದಾಟುವುದೇ ವರ್ಷಕ್ಕೊಮ್ಮೆ, ದೀಪಾವಳಿಯ ಪಟಾಕಿಗೆ ಹೆದರಿ. ಮಹಡಿ ನಮಗೇ ಇಲ್ಲ. ಆದರೂ ಬಿಡಲು ಮನಸ್ಸಾಗಲಿಲ್ಲ. ಏನಾದರೊಂದು ಕಾಗದ ನನ್ನ ಕೈಯಲ್ಲಿದ್ದರೆ ಆ ಮೇಜಿನ ಮುಂದೆ ಧೈರ್ಯ ಬರುತ್ತದೆ ಎಂಬ ಮೂಢನಂಬಿಕೆ. ಓದಿದವನ ಮೂಢನಂಬಿಕೆಗೆ ಕಾಗದ ಬೇಕು, ಅಷ್ಟೇ ವ್ಯತ್ಯಾಸ.

"ಓನರ್ ನೇಮ್ ಸರ್?"

ನಾನು ನನ್ನ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಜಯನ ಹೆಸರು ಹಾಕು" ಅಂದಳು.

ಜಯ ಎಂದರೆ ಪಕ್ಕದ ಮನೆಯ ಜಯಮ್ಮ. ನಾನು ಜಯಕ್ಕ ಅನ್ನುತ್ತೇನೆ. ಅವರ ಯಜಮಾನರು ಅಂತರಸನಹಳ್ಳಿಯ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು.

"ಜಯಕ್ಕನ ಹೆಸರು ಯಾಕಮ್ಮ?"

"ಅವಳ್ದಲ್ವೇನೋ ಬೆಕ್ಕು."

"ಯಾವಾಗಿಂದ?"

"ಉಚ್ಚೆ ಕಟ್ಕಂಡಿತ್ತಲ್ಲ, ಆಗ್ಲಿಂದ. ಮಾರ್ಬುಟ್ಟೆ ಕಣೋ." ಅಮ್ಮ ಅವರೆಯ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದಳು. "ನಿನ್ನ ಮಾರ್ಲಿಲ್ವಾ, ಅಂಗೇ."

ಫೋನಿನ ಹುಡುಗಿ "ಸರ್?" ಅಂದಳು. ಆಮೇಲೆ ಮಾಡುತ್ತೇನೆಂದು ಇಟ್ಟೆ.

ಇಲ್ಲಿ ಗುಬ್ಬಿಗೆ ಹೋಗಬೇಕು ಎಂದೆನಲ್ಲ. ಗುಬ್ಬಿ ಅಮ್ಮನ ತವರು. ಅಕ್ಕನಾದ ಮೇಲೆ, ನನಗಿಂತ ಮೊದಲು, ಎರಡು ಮಕ್ಕಳು ಹುಟ್ಟಿ ಉಳಿಯಲಿಲ್ಲ. ಆ ವಿಷಯ ಅಮ್ಮ ಮಾತಾಡುವುದಿಲ್ಲ, ನಾವು ಕೇಳುವುದಿಲ್ಲ. ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಯ ಸಿದ್ದಮ್ಮನಿಗೆ ಮಾರಿದಳು. ಬೆಲೆ ಒಂದು ಮೊರ ತವುಡು. ಈ ಮನೆಯ ಮಕ್ಕಳ ಮೇಲೆ ಕಣ್ಣಿಟ್ಟವರು ಬಂದು ಕೇಳಿದರೆ, ಈ ಮಗು ನಮ್ಮದಲ್ಲ, ಪಕ್ಕದ ಮನೆಯದು, ಅದೂ ತವುಡಿಗೆ ಸಿಕ್ಕಿದ್ದು. ನನಗೆ ಶಾಲೆಗೆಂದು ಇಟ್ಟ ಹೆಸರು ದೇವರದು. ಗುಬ್ಬಿಯಲ್ಲಿ ಮಾತ್ರ ನಾನು ತವ್ಡ. ಬೆನ್ನಿಗೆ ಒತ್ತುತ್ತಿದ್ದ ಮೊರದ ಬಿದಿರಿನ ಸೀಳುಗಳು ನನಗೆ ಚೆನ್ನಾಗಿ ನೆನಪಿವೆ ಎಂದು ಹೇಳಿದರೆ ನೀವು ನಗುತ್ತೀರಿ. ನಗಿ. ನಾನೂ ನಗುತ್ತೇನೆ. ಆದರೆ ಒತ್ತುತ್ತಿದ್ದವು.

ಸಿದ್ದಮ್ಮ ಆ ವ್ಯಾಪಾರವನ್ನು ಆಟವೆಂದು ತಿಳಿದವಳಲ್ಲ. ಯುಗಾದಿಗೆ ಬಟ್ಟೆ ಕೊಡಿಸುತ್ತಿದ್ದಳು. ನಾನು ಎಮ್ಮೆ ಪಾಸು ಮಾಡಿ, ಎಮ್ಮೆ ಅಂದರೆ ಎಂ.ಎ., ಗೆಳೆಯರೊಡನೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಗಂಭೀರವಾಗಿ ಟೀ ಕುಡಿಯುತ್ತಿದ್ದಾಗ ರಸ್ತೆಯ ಆಚೆಯಿಂದ "ಏ ತವ್ಡಾ! ಬಂದವ್ನೆ ನೋಡು, ಮನೆಗ್ ಬರ್ದಂಗೆ!" ಎಂದು ಕೂಗಿದಳು. ಗೆಳೆಯರು ಇಂದಿಗೂ ಮದುವೆಗಳಲ್ಲಿ ಸಿಕ್ಕಿದರೆ ಅದೇ ಹೆಸರಿನಿಂದ ಕರೆಯುತ್ತಾರೆ. ಹೈಸ್ಕೂಲಿನಲ್ಲಿದ್ದಾಗ, ರಜೆಗೆ ಗುಬ್ಬಿಗೆ ಹೋಗಿದ್ದ ನನಗೆ ಅಪೆಂಡಿಕ್ಸ್ ಆಗಿ, ಅಮ್ಮ ಅಕ್ಕನ ಜೊತೆ ಬಸ್ಸು ಹಿಡಿದು ಬರುವಷ್ಟರಲ್ಲಿ ಸಿದ್ದಮ್ಮ ಆಸ್ಪತ್ರೆಯ ಬಾಗಿಲಿನಲ್ಲಿ ಡಾಕ್ಟರನ್ನು ತಡೆದು ನಿಲ್ಲಿಸಿದ್ದಳು. "ನಮ್ಮೋನು ಕಣಪ್ಪ. ಸರ್ಯಾಗ್ ನೋಡು" ಎಂದು ಅವರಿಬ್ಬರ ಎದುರಿಗೇ ಹೇಳಿದಳು. ಈ ಮಾತನ್ನು ಅಮ್ಮನೂ ಕೇಳಿದ್ದಾಳೆ, ಅಕ್ಕನೂ ಕೇಳಿದ್ದಾಳೆ. ನನ್ನ ಬಾಲ್ಯದಲ್ಲಿ ಮೂರು ಸಾಕ್ಷಿಗಳು ಒಪ್ಪುವ ಘಟನೆ ಬಹುಶಃ ಇದೊಂದೇ.

ಗುಬ್ಬಿಯಿಂದ ಮರಳೂರಿಗೆ ವಾಪಸ್ಸು ಬರೋಣ. ಟ್ಯೂಬ್ ಹಾಕಿಸಿಕೊಂಡು ತಿಪ್ಪ ಮನೆಗೆ ಬಂದ ಮಾರನೆಯ ದಿನ ಅಮ್ಮ ಅದನ್ನು ಮೊರದಲ್ಲಿಟ್ಟು ಕಾಂಪೌಂಡಿನ ಮೇಲಿಂದ ಜಯಕ್ಕನ ಕೈಗೆ ದಾಟಿಸಿದ್ದಾಳೆ. ಜಯಕ್ಕ ತಿಪಟೂರಿನ ಕಡೆಯವರು, ಅವರಿಗೆ ವಿವರಿಸಬೇಕಾದ ಅಗತ್ಯವೇ ಇರಲಿಲ್ಲ. ತೊಂದರೆ ಬಂದದ್ದು ತವುಡಿಗೆ. ಮರಳೂರಿನಲ್ಲಿ ಎಲ್ಲ ಸಿಗುತ್ತದೆ, ತವುಡು ಸಿಗುವುದಿಲ್ಲ. ಹಸುಗಳಿಗೂ ಈಗ ಚೀಲದ ಫೀಡು. ಯೋಚಿಸಿ ಯೋಚಿಸಿ ಜಯಕ್ಕ ತಮ್ಮ ಯಜಮಾನರು ಸಕ್ಕರೆ ಕಾಯಿಲೆಗೆಂದು ತಿನ್ನುವ ಓಟ್ಸಿನ ಹೊಸ ಡಬ್ಬವನ್ನು ಮೊರದಲ್ಲಿಟ್ಟು ಕೊಟ್ಟಿದ್ದಾರೆ. ಅದೂ ಒಂಥರಾ ತವುಡೇ ಎಂದು ಇಬ್ಬರೂ ಒಪ್ಪಿದ್ದಾರೆ.

ನಾನು ಅಡುಗೆಮನೆಯ ಶೆಲ್ಫಿನ ಕಡೆ ನೋಡಿದೆ.

"ಅಮ್ಮ, ಆ ಓಟ್ಸ್... ಕೆಂಪು ಮುಚ್ಚಳದ ಡಬ್ಬನಾ?"

"ಹೂಂ."

"ಅದನ್ನ ನಾನು ತಿಂದೆನಲ್ಲಮ್ಮ! ವಾರಗಟ್ಟಲೆ! ಮಂಗಳಾ ತಂದಿದ್ದು ಅಂದ್ಕೊಂಡು!"

"ನಾನು ನೀವ್ ತಂದಿದ್ದು ಅಂದ್ಕೊಂಡಿದ್ದೆ" ಎಂದಳು ಮಂಗಳಾ. "ಪರವಾಗಿಲ್ವೇ, ಆರೋಗ್ಯದ ಮೇಲೆ ಗಮನ ಬಂತಲ್ಲ ಅಂತ ಖುಷಿ ಪಟ್ಟಿದ್ದೆ."

"ನಾನೂ ನೋಡ್ದೆ" ಅಂದಳು ಅಮ್ಮ. "ತಿನ್ಲಿ ಬುಡು ಅಂದ್ಕಂಡೆ. ಬೆಲೆ ತಿಂದ್ ಮೇಲೆ ವ್ಯಾಪಾರ ಗಟ್ಟಿ."

ಹಾಲು, ಬಾಳೆಹಣ್ಣು, ಮೇಲೆ ಎರಡು ಬಾದಾಮಿ ಹಾಕಿಕೊಂಡು ನಾನು ತಿಪ್ಪನನ್ನು ಬೆಳಗಿನ ತಿಂಡಿಗೆ ತಿಂದು ಮುಗಿಸಿದ್ದೆ. ಕೆಳಗೆ ತಿಪ್ಪ ನನ್ನ ಕಾಲಿಗೆ ಮೈ ಉಜ್ಜುತ್ತ, ತನ್ನ ಬೆಲೆಯಲ್ಲಿ ತನಗೂ ಒಂದು ಚಮಚ ಬೇಕೆಂದು ಕೇಳುತ್ತಿತ್ತು.

ಸಂಜೆ ಕಾಂಪೌಂಡಿನ ಹತ್ತಿರ ಜಯಕ್ಕ ಸಿಕ್ಕರು. "ಜಯಕ್ಕ, ಬೆಕ್ಕು ನಿಮ್ದಂತೆ?" ಎಂದು ನಗುತ್ತಲೇ ಕೇಳಿದೆ.

"ಮತ್ತೆ? ನಿಮ್ಮ ಮನ್ಯಾಗ್ ಬಿಟ್ಟಿದೀನಿ ಅಷ್ಟೆ." ಅವರು ನಗಲಿಲ್ಲ. "ಸರ್ಯಾಗ್ ನೋಡ್ಕಳಿ ಮೇಷ್ಟ್ರೇ. ಮೊನ್ನೆ ಮಳೇಲಿ ನೆನೀತಾ ಇತ್ತು, ಬಾಗ್ಲು ತೆಗ್ದಿರ್ಲಿಲ್ಲ ನೀವು."

ಹೀಗೆ ನಮ್ಮ ಬೆಕ್ಕನ್ನು ಕುರಿತು ನನಗೇ ಬೈಗುಳ ಬಿತ್ತು. ಇಷ್ಟಾದ ಮೇಲೆ ಅರ್ಜಿಯ ಕೊನೆಯಲ್ಲಿದ್ದ "ಮೇಲಿನ ವಿವರಗಳು ನನಗೆ ತಿಳಿದ ಮಟ್ಟಿಗೆ ಸತ್ಯ" ಎಂಬ ಸಾಲು ದೊಡ್ಡದಾಗಿ ಕಾಣತೊಡಗಿತು. ಮಂಗಳಾ ಹೇಳಿದಳು, "ಯಾವ ಕಂಪನಿ ಬಂದು ಓಟ್ಸ್ ಡಬ್ಬ ಕೇಳುತ್ತೆ? ನಿಮ್ಮ ಹೆಸರು ಹಾಕಿ ಮುಗಿಸಿ." ನಾನು ನಾಳೆ ಅಂದೆ. ಹುಟ್ಟಿದ್ದು ಜನವರಿ ಒಂದು, ಓನರು ನಾನು, ಇದರಲ್ಲಿ ನನಗೆ ತಿಳಿದದ್ದು ಯಾವುದು? ಅಕ್ಕ ಹೇಳಿದ್ದು, ಅಮ್ಮ ಹೇಳಿದ್ದು, ನಾನು ಕಲ್ಪಿಸಿಕೊಂಡದ್ದು ಎಲ್ಲ ಕಲಸಿ ನನ್ನ ಕೈಯಲ್ಲಿ ಸಹಿ ಮಾಡಿಸುವ ಪ್ರಯತ್ನ ಇದು ಅನ್ನಿಸಿತು. ನಾಳೆ, ನಾಳೆ ಎಂದು ಅರ್ಜಿ ಫೋನಿನಲ್ಲೇ ಉಳಿಯಿತು.

ತಿಪ್ಪನ ಕಾಯಿಲೆಗೆ ಅರ್ಜಿಯ ಹಂಗು ಇರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಬಚ್ಚಲ ಮೂಲೆಯಲ್ಲಿ ಮತ್ತೆ ಅದೇ ಕೂರುವುದು, ಏಳುವುದು. ಕೈ ತೊಳೆದುಕೊಂಡು ಬುಟ್ಟಿ ಹುಡುಕಿದೆ. ಮಂಗಳಾ ಶಾಲೆಯಲ್ಲಿದ್ದಳು. ಆಟೋ ಗೇಟಿಗೆ ಬಂದು ನಿಂತಾಗ ಜಯಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದು, ಕೇಳದೆ ಕರೆಯದೆ ಹತ್ತಿ ಕೂತರು. ಬುಟ್ಟಿಯನ್ನು ನನ್ನ ತೊಡೆಯಿಂದ ತಮ್ಮ ತೊಡೆಗೆ ತೆಗೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಹೋದಳು. ಎರಡು ಮಕ್ಕಳನ್ನು ಕಳೆದುಕೊಂಡ ಹೆಂಗಸು ಯಾರನ್ನೂ ಬಾಗಿಲಲ್ಲಿ ನಿಂತು ಆಸ್ಪತ್ರೆಗೆ ಕಳಿಸುವುದಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ.

ಅದೇ ಮೇಜು. ಅದೇ ಉಣ್ಣೆ ಉಂಡೆಯಂಥ ನಾಯಿಗಳು ಗೋಡೆಯ ಮೇಲೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಸರ್, ಟ್ಯೂಬ್ ಹಾಕಿದ್ರೆ ಮತ್ತೆ ಬ್ಲಾಕ್ ಆಗುತ್ತೆ. ಆಪರೇಷನ್ ಮಾಡಿದ್ರೆ ಬಹುತೇಕ ಸರಿಹೋಗುತ್ತೆ. ಖರ್ಚು ಸ್ವಲ್ಪ ಜಾಸ್ತಿನೇ. ವಯಸ್ಸೂ ಆಗಿದೆ, ರಿಸ್ಕ್ ಇಲ್ಲ ಅಂತ ಹೇಳಲ್ಲ. ಇಲ್ಲಾಂದ್ರೆ..." ಎಂದು ಅಲ್ಲಿಗೇ ಬಿಟ್ಟರು. ಸಹಿಯ ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದರು: "ಓನರ್ ಯಾರು? ಏನ್ ಮಾಡೋಣ?"

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಅದರೊಳಗಿಂದ ಯಾವ ಮಾತು ಬರುವುದರಲ್ಲಿತ್ತೋ ನನಗೆ ಗೊತ್ತಿಲ್ಲ. ಕಣ್ಣು ನೆಲದ ಮೇಲಿತ್ತೋ, ಡಾಕ್ಟರ ಮುಖದ ಮೇಲಿತ್ತೋ, ಅದೂ ಗೊತ್ತಿಲ್ಲ.

"ನಮ್ದು ಕಣಪ್ಪ" ಎಂದರು ಜಯಕ್ಕ. "ಮಾಡು. ಸರ್ಯಾಗ್ ನೋಡ್ಕಂಡ್ ಮಾಡು." ಕಾಗದವನ್ನು ಎಳೆದುಕೊಂಡು, ನನ್ನ ಜೇಬಿನ ಪೆನ್ನು ಕಿತ್ತುಕೊಂಡು, ಜಯಮ್ಮ ಎಂದು ದುಂಡಗೆ ಸಹಿ ಮಾಡಿದರು. ಪೆನ್ನು ವಾಪಸ್ಸು ಕೊಡುತ್ತ ನನ್ನ ಕಡೆ ತಿರುಗಿದರು. "ದುಡ್ಡು ನೀವೇ ಕಟ್ಟಿ ಮೇಷ್ಟ್ರೇ. ನಾನು ಓನರ್ ಅಷ್ಟೆ."

ಕಟ್ಟಿದೆ. ಕಟ್ಟುವುದು ಆಶ್ಚರ್ಯವಾಗುವಷ್ಟು ಸುಲಭವಾಗಿತ್ತು. "ಮಾಡು" ಎಂಬ ಒಂದು ಮಾತು ಬೇರೆ ಯಾರೋ ಆಡಿಯಾದ ಮೇಲೆ ಉಳಿದದ್ದೆಲ್ಲ ಕಾರ್ಡು ಉಜ್ಜುವ ಕೆಲಸ. ಹೊರಗೆ ಬೆಂಚಿನ ಮೇಲೆ ಕೂತಾಗ ಜಯಕ್ಕ ಗುಬ್ಬಿಯ ಸಿದ್ದಮ್ಮನ ಹಾಗೆ ಕಂಡರು ಎಂದು ಬರೆಯುವ ಆಸೆ ನನಗಿದೆ. ಆದರೆ ಅವರು ಕೂತಿದ್ದಷ್ಟೂ ಹೊತ್ತು ಗಂಡನಿಗೆ ಫೋನ್ ಮಾಡಿ, ಒಲೆಯ ಮೇಲಿನ ಸಾರು ಇಳಿಸಲಿಲ್ಲವೆಂದು ಬೈಯುತ್ತಿದ್ದರು.

ತಿಪ್ಪ ಉಳಿಯಿತು. ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಲಾಳಿಕೆಯಂಥದ್ದನ್ನು ಹಾಕಿಸಿಕೊಂಡು, ಬಾಗಿಲು ಬಾಗಿಲಿಗೂ ಡಿಕ್ಕಿ ಹೊಡೆಯುತ್ತ ಓಡಾಡಿತು. ಈಗ ಆಪರೇಷನ್ನಿಗೆ ಬೋಳಿಸಿದ್ದ ಕೂದಲೂ ಮತ್ತೆ ಬರುತ್ತಿದೆ.

ನಾನು ಇದನ್ನು ಬರೆದಿಡುತ್ತಿರುವುದಕ್ಕೆ ಒಂದು ಕಾರಣವಿದೆ. ಮೊನ್ನೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳುತ್ತಿದ್ದೆ. ಡಾಕ್ಟರು "ಏನ್ ಮಾಡೋಣ" ಎಂದು ಕೇಳಿದ ಕಡೆ ಬಂದಾಗ ನನ್ನ ಬಾಯಿ ತಾನಾಗಿಯೇ "ನಾವು ಮಾಡಿ ಅಂದ್ವಿ" ಅಂದಿತು. ನಾವು! ಒಂದು ತಿಂಗಳೂ ಆಗಿರಲಿಲ್ಲ. ಇನ್ನೊಂದು ವರ್ಷ ಬಿಟ್ಟರೆ ಜಯಕ್ಕ ಆಟೋದಿಂದಲೇ ಇಳಿದುಹೋಗಿ, ನಾನೊಬ್ಬನೇ ತಲೆ ಎತ್ತಿ ನಿಂತಿರುತ್ತೇನೆ. ಅಷ್ಟರೊಳಗೆ ಕಾಗದಕ್ಕೆ ಇಳಿಸಿಬಿಡೋಣ ಎಂದು.

ಕಂಪನಿಯ ಹುಡುಗಿ ಮತ್ತೆ ಫೋನ್ ಮಾಡಿದ್ದಳು. "ಸರ್, ನಿಮ್ಮ ಅಪ್ಲಿಕೇಷನ್ ಪೆಂಡಿಂಗ್ ಇದೆ. ತಿಪ್ಪ ಅಂತ."

"ಬೆಕ್ಕು ನಮ್ದಲ್ಲಮ್ಮ" ಅಂದೆ.

"ಮತ್ತೆ ಯಾರ್ದು ಸರ್?"

"ಪಕ್ಕದ ಮನೆಯವರದ್ದು. ನಾವು ಓಟ್ಸ್ ತಿಂದಿದೀವಿ."

ಇಟ್ಟ ಮೇಲೆ ಸ್ವಲ್ಪ ಬೇಸರವಾಯಿತು. ತೊಡೆಯ ಮೇಲೆ ತಿಪ್ಪ ಗೊರಗೊರ ಎನ್ನುತ್ತಿತ್ತು. ಬಿಲ್ಲು ಕಟ್ಟಿದವನು ನಾನು, ದಿನಾ ಮೀನು ತರುವವನು ನಾನು, ಹಾಸಿಗೆಯಲ್ಲಿ ಜಾಗ ಬಿಡುವವನು ನಾನು. ಅಮ್ಮನನ್ನು ಕೇಳಿದೆ: "ಅಮ್ಮ, ಈಗ ಹುಷಾರಾಯ್ತಲ್ಲ. ಜಯಕ್ಕನಿಗೆ ಒಂದು ಹೊಸ ಡಬ್ಬ ಓಟ್ಸ್ ಕೊಟ್ಟು ವಾಪಸ್ ತಗೊಂಡ್ಬಿಡೋಣ್ವಾ?"

ಅಮ್ಮ ನನ್ನನ್ನು ತಲೆ ಕೆಟ್ಟವನನ್ನು ನೋಡುವಂತೆ ನೋಡಿದಳು. ಗುಬ್ಬಿಯಲ್ಲಿ ಸಿದ್ದಮ್ಮ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ.

"ನಿಂಗೇನ್ ಹುಚ್ಚೇನ್ಲಾ?" ಅಂದಳು. "ನಿನ್ನೇ ನಾನಿನ್ನೂ ವಾಪಸ್ ತಗಂಡಿಲ್ಲ."